ಪುಕ್ಕ ಕೀಳದೆ ಬಿಟ್ಟ ಕೋಳಿಗಳು

ಮೂವತ್ತು ವರ್ಷದಿಂದ ಕೋಳಿ ಕೊಂಡು ಮಾರಿ ಬದುಕಿದವನು ನಾನು. ಸೈಕಲ್ಲಿನ ಹಿಂದೆ ಬಿದಿರು ಬುಟ್ಟಿ ಕಟ್ಟಿಕೊಂಡು ಬೆಳಗಾವಿಯ ಓಣಿಗಳಲ್ಲಿ ಕೂಗುತ್ತ ಶುರು ಮಾಡಿದೆ. ಈಗ ಖಾನಾಪುರದ ಹೊರಗೆ ನನ್ನದೇ ಶೆಡ್ ಇದೆ, ಜವಾರಿ ಕೋಳಿಯ ಮರಿ ಮಾಡಿಸಿ ಮಾರುತ್ತೇನೆ. ಕೈಯಲ್ಲಿ ಹಿಡಿದು ತೂಕ ನೋಡದೆ, ಎದೆಯೆಲುಬು ಮುಟ್ಟದೆ, ಪುಕ್ಕ ಊದಿ ಚರ್ಮ ನೋಡದೆ ಯಾವುದನ್ನೂ ನಂಬಿದವನಲ್ಲ. ಶಕುನ, ದೃಷ್ಟಿ ಎಂದು ಯಾರಾದರೂ ಮಾತು ತೆಗೆದರೆ, ಇವನು ಏನೋ ಮಾರಲು ಬಂದಿದ್ದಾನೆ ಎಂಬುದೇ ನನ್ನ ಮೊದಲ ಅನುಮಾನ. ಈಗಲೂ ಹೆಚ್ಚು ಬದಲಾಗಿಲ್ಲ. ಆದರೆ ಹೋದ ವಾರ ಫೋನಿನಲ್ಲಿ ಒಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಹೇಳಲಾಗದೆ ಕೂತಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜಾಂಬೋಟಿಯ ಆಚೆ ಒಂದು ಪುಟ್ಟ ಹಳ್ಳಿಯಲ್ಲಿ ಶೇವಂತಿಬಾಯಿ ಎಂಬ ಮುದುಕಿ ಇದ್ದಳು. ಆ ಕಡೆಯ ಮಳೆ ತಡೆಯುವ ಗಟ್ಟಿ ಕೋಳಿ ಸಾಕುತ್ತಿದ್ದಳು. ನಾಲ್ಕು ವರ್ಷದ ಹಿಂದೆ, ಚಳಿಗಾಲದ ಒಂದು ಬೆಳಿಗ್ಗೆ, ಮೊಟ್ಟೆಗೆ ಹೇಂಟೆ ಬೇಕೆಂದು ಅವಳ ಅಂಗಳಕ್ಕೆ ಹೋದೆ. ಹತ್ತೊಂಬತ್ತು ಕೋಳಿ ಆರಿಸಿದೆ. ಕಾಲು ಕಟ್ಟುವ ಮೊದಲು ಅವಳು ಒಂದೊಂದನ್ನೇ ಮಡಿಲಿಗೆ ಎತ್ತಿಕೊಂಡು, ರೆಕ್ಕೆಯಡಿಯಿಂದ ಒಂದು ಪುಕ್ಕ ಕಿತ್ತು ಸೆರಗಿನಲ್ಲಿ ಹಾಕಿಕೊಂಡಳು. ಕೋಳಿ ಹೋದರೂ ಅದರ ಲಕ್ಷ್ಮಿ ಮನೆಯಲ್ಲಿರಲಿ ಎಂದು ಪುಕ್ಕ ಇಟ್ಟುಕೊಳ್ಳುವುದು ಅವಳ ಮನೆಯ ರೂಢಿ. ಆದರೆ ಹನ್ನೆರಡರಿಂದ ಕಿತ್ತವಳು ಏಳನ್ನು ಹಾಗೇ ಕೆಳಗೆ ಬಿಟ್ಟಳು.

“ಇವುಕ್ಕ ಯಾಕ ಬ್ಯಾಡ, ಆಯಿ?” ಎಂದೆ.

“ಇವು ಉಳಿಯಾಂಗಿಲ್ಲ ಭಾವು. ಹೋಗೋದರ ಪುಕ್ಕ ಮನ್ಯಾಗ ಇಡಬಾರ್ದು. ಇವನ್ನ ಇಲ್ಲೇ ಬಿಟ್ಟು ಹೋಗು.”

ಏಳನ್ನೂ ಮತ್ತೆ ಹಿಡಿದು ನೋಡಿದೆ. ಕೆಂಪು ಜುಟ್ಟು, ತುಂಬಿದ ಎದೆ, ಚುರುಕು ಕಣ್ಣು. ಒಳ್ಳೆಯವನ್ನು ತಾನೇ ಇಟ್ಟುಕೊಳ್ಳಲು ಮುದುಕಿ ಆಟ ಹೂಡಿದ್ದಾಳೆ ಎಂದುಕೊಂಡೆ. “ನನಗ ವ್ಯಾಪಾರ ಕಲಸ್ತೀಯೇನ ಆಯಿ?” ಎಂದು ನಕ್ಕು, ಅವಳ ಮಾತನ್ನೇ ಹಿಡಿದು ರೇಟು ಇಳಿಸಿ, ಆ ಏಳನ್ನೂ ಬುಟ್ಟಿಗೆ ಹಾಕಿದೆ. ಅವಳು ವಾದ ಮಾಡಲಿಲ್ಲ. “ಆಮ್ಯಾಲ ನನ್ನ ಬೈಬ್ಯಾಡ ಮತ್ತ” ಎಂದಳು. ನಾನು ಹೊರಡುವಾಗ ನನ್ನ ಸ್ವೆಟರಿನ ತೋಳಿನಿಂದ ಬಿಚ್ಚಿಕೊಂಡಿದ್ದ ನೀಲಿ ಉಣ್ಣೆಯ ಎಳೆಯೊಂದನ್ನು ಚಿವುಟಿ ತೆಗೆದಳು. ಒಪ್ಪ ಮಾಡುತ್ತಿದ್ದಾಳೆ ಎಂದುಕೊಂಡೆ.

ನೀವೂ ಕೋಳಿ ಸಾಕುವವರಾದರೆ ಇಷ್ಟು ಕೇಳಿ: ಹೊಸ ಕೋಳಿಯನ್ನು ಒಂದು ತಿಂಗಳಾದರೂ ಬೇರೆ ಇಡಿ, ಹುಟ್ಟಿದ ದಿನವೇ ಮರಿಗೆ ಲಸಿಕೆ ಹಾಕಿಸಿ. ಊರಿಗೆಲ್ಲ ಹೇಳುವ ನಾನು ಅವತ್ತು ಮಾಡಲಿಲ್ಲ. ಅಗ್ಗಕ್ಕೆ ಗಿಟ್ಟಿಸಿದ ಖುಷಿಯಲ್ಲಿ ಸೀದಾ ಹಿಂಡಿಗೆ ಬಿಟ್ಟೆ. ಲಸಿಕೆ ಇಲ್ಲದೆ ಬೆಳೆದ ಹಿಂಡು ಅದು. ಬೇಸಿಗೆಯ ಹೊತ್ತಿಗೆ ಆ ಏಳೂ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದವು. ಕೆಲವದರ ಕಣ್ಣು ಬೂದಿ ಬಣ್ಣಕ್ಕೆ ತಿರುಗಿತ್ತು. ಆಮೇಲೆ ನನ್ನ ಹಳೆಯ ಕೋಳಿಗಳು ಬೀಳತೊಡಗಿದವು.

ಆಗ ಸಿಕ್ಕವರು ಬೆಳಗಾವಿಯ ಡಾಕ್ಟರು ಸುಜಾತಾ ಮೇಡಂ. ಕೋಳಿಗಳಿಗೆ ಕ್ಯಾನ್ಸರ್ ತರುವ ವೈರಸ್ಸುಗಳ ಸಂಶೋಧನೆ ಅವರದು. ಅವರ ಮೇಲೂ ನನಗೆ ಅನುಮಾನವೇ. ರವಿವಾರ ಪೇಟೆಯಲ್ಲಿ ಒಂದು ಮಾತು ಬಿದ್ದರೆ ನನ್ನ ಮರಿ ಯಾರು ಕೊಂಡಾರು? ಸತ್ತ ಕೋಳಿಯೊಂದನ್ನು ಕೊಯ್ದು, ಯಕೃತ್ತಿನ ತುಂಬ ಬಿಳಿ ಗಂಟುಗಳನ್ನು ತೋರಿಸಿದರು.

“ಮನುಷ್ಯಾರಿಗೆ ಹತ್ತೂದಿಲ್ರಿ, ಹೆದರಬ್ಯಾಡ್ರಿ. ಪುಕ್ಕದ ಬುಡದಾಗ ಬೆಳೀತೈತಿ, ಧೂಳಿನಾಗ ಹರಡತೈತಿ. ಎಲ್ಲಾ ಕೋಳಿಗೂ ಹೊಕ್ಕರೂ ಕೆಲವಕ್ಕ ಗಂಟು ಆಗ್ತಾವ, ಕೆಲವಕ್ಕ ಆಗೂದಿಲ್ಲ. ಯಾಕ ಅನ್ನೋದನ್ನ ಹುಡುಕೂದರಾಗ ಹತ್ತು ವರ್ಷ ಹೋದ್ವು ನನ್ನವು.”

ಪುಕ್ಕ ಎಂದ ಕೂಡಲೇ ಮುದುಕಿ ನೆನಪಾದಳು. ತಮಾಷೆಯಾಗಿ ಹೇಳಿದೆ. ಮೇಡಂ ನಗಲಿಲ್ಲ. “ಕರಕೊಂಡು ಬರ್ರಿ ಆಕೀನ್ನ” ಎಂದರು.

ಮುದುಕಿ ಪುಕ್ಕ ಕಿತ್ತಿದ್ದ ಹನ್ನೆರಡೂ ನೆಟ್ಟಗಿದ್ದವು, ಅವನ್ನು ಬೇರೆ ಇಟ್ಟಿದ್ದೆ. ನನ್ನ ಹಳೆಯ ಹಿಂಡಿನಲ್ಲಿ ಉಳಿದದ್ದು ಮೂವತ್ತು ಕೋಳಿ. ಎಲ್ಲದರಲ್ಲೂ ವೈರಸ್ ಇದೆ ಎಂದು ಮೇಡಂ ಪರೀಕ್ಷೆ ಮಾಡಿ ಹೇಳಿದ್ದರು, ಆದರೆ ನೋಡಲು ಎಲ್ಲವೂ ನೆಟ್ಟಗಿದ್ದವು. ಒಂದು ಮಧ್ಯಾಹ್ನ ನನ್ನ ಟೆಂಪೋದಲ್ಲಿ ಶೇವಂತಿಬಾಯಿಯನ್ನು ಕರೆತಂದೆ. ಗೋಣಿಚೀಲದ ಮೇಲೆ ಕೂತು ಒಂದೊಂದನ್ನೇ ಮಡಿಲಿಗೆ ಹಾಕಿಕೊಂಡಳು. ಹನ್ನೊಂದರಿಂದ ಪುಕ್ಕ ಕಿತ್ತಳು, ಉಳಿದವನ್ನು ಬಿಟ್ಟಳು. ಮೇಡಂ ಆ ಹನ್ನೊಂದರ ಕಾಲುಂಗುರದ ನಂಬರು ಬರೆದು ಲಕೋಟೆಗೆ ಹಾಕಿ ಅಂಟಿಸಿದರು. ಲಕೋಟೆ ಅವರ ಹತ್ತಿರ, ಆ ಮೂವತ್ತನ್ನೂ ಕೂಡಿಹಾಕಿದ ಕೋಣೆಯ ಕೀಲಿ ನನ್ನ ಉಡದಾರದಲ್ಲಿ. ಹೊರಡುವಾಗ ಮುದುಕಿ ಬಿಳಿ ಕೋಟಿನಲ್ಲಿದ್ದ ಮೇಡಂ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಕೆನ್ನೆ ಸವರಿ ಟೆಂಪೋ ಹತ್ತಿದಳು. ಅಷ್ಟೇ.

ದೀಪಾವಳಿಯ ಹೊತ್ತಿಗೆ ಹತ್ತೊಂಬತ್ತು ಸತ್ತವು. ಒಂದೊಂದನ್ನೂ ಕೊಯ್ದು ನೋಡಿದರು, ಎಲ್ಲದರಲ್ಲೂ ಗಂಟು. ಉಳಿದದ್ದು ಹನ್ನೊಂದು. ಲಕೋಟೆ ಒಡೆದೆವು. ಅವೇ ನಂಬರು.

ಮೇಡಂ ನನ್ನತ್ತ ತಿರುಗಿದರು. “ಖರೇ ಹೇಳ್ರಿ, ಒಳಗ ಏನರ ಕೈ ಆಡಿಸೀರೇನು?”

“ನಾನೂ ನಿಮಗ ಅದನ್ನ ಕೇಳಾಂವ ಇದ್ದೆರಿ.”

ಲಕೋಟೆಯ ಅಂಟು, ಬೀಗ, ಕಾಳು, ನೀರು, ಎಲ್ಲ ಪರೀಕ್ಷಿಸಿದೆವು. ಮೋಸ ಸಿಗಲಿಲ್ಲ. ಸಿಕ್ಕಿದ್ದರೆ ನನ್ನಷ್ಟು ಸಂತೋಷ ಯಾರಿಗೂ ಆಗುತ್ತಿರಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಶೇವಂತಿಬಾಯಿ ತೀರಿಕೊಂಡಳು. ನಾನೂ ಮೇಡಂ ಇಬ್ಬರೂ ಅವಳ ಮನೆಯವರನ್ನು ಮಾತಾಡಿಸಲು ಹೋದೆವು. ಅವಳ ಸೊಸೆ ಜಂತಿಯಿಂದ ಒಂದು ಬಟ್ಟೆಯ ಗಂಟು ಇಳಿಸಿಕೊಟ್ಟಳು. ಬಿಳಿ ದಾರದಿಂದ ಬಿಗಿದಿತ್ತು. ಬಿಚ್ಚಿದರೆ ತುಂಬ ಪುಕ್ಕ. ನಡುವೆ ಒಂದು ನೀಲಿ ಉಣ್ಣೆಯ ಎಳೆ. ಅವತ್ತಿನ ಸ್ವೆಟರೇ ನನ್ನ ಮೈಮೇಲಿತ್ತು. ಎಳೆಯನ್ನು ತೋಳಿಗೆ ಹಿಡಿದು ನೋಡಿದೆ, ಅದೇ ಬಣ್ಣ.

“ಅತ್ತಿ ಉಳಿಯೋರದ ಅಷ್ಟ ಇಡ್ತಿದ್ಲು” ಎಂದಳು ಸೊಸೆ.

ಮೇಡಂ ನಕ್ಕರು. “ನಂದೇನರ ಐತೇನು ನೋಡ್ರಿ.”

ಒಂದೊಂದೇ ಪುಕ್ಕ ತೆಗೆದು ಮೂರು ಸಲ ಹುಡುಕಿದೆ. ಇರಲಿಲ್ಲ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಗಂಟು ಬಿಗಿದಿದ್ದ ಬಿಳಿ ದಾರವನ್ನು ಎತ್ತಿ ಹಿಡಿದೆ. “ಇದ ನೋಡ್ರಿ, ನಿಮ್ಮ ಬಿಳಿ ಕೋಟಿಂದು.” ಅವರು ಅದನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡರು.

ಮೇಡಂ ಗಟ್ಟಿಮುಟ್ಟಾಗಿದ್ದಾರೆ, ನನಗಿಂತ ಬಿರುಸಾಗಿ ನಡೆಯುತ್ತಾರೆ. ಆದರೂ ಪ್ರತಿ ತಿಂಗಳು ಒಂದನೇ ತಾರೀಖಿಗೆ ನಾನು ಫೋನು ಮಾಡಿ, “ಒಮ್ಮೆ ಪೂರ್ತಿ ತಪಾಸಣಿ ಮಾಡಿಸಿಕೊಳ್ರಿ” ಎನ್ನುತ್ತೇನೆ. ಎರಡು ಸಲ ಮಾಡಿಸಿದರು, ಏನೂ ಇಲ್ಲ. ಮುದುಕಿ ಮರೆತಿರಬೇಕು. ಅಥವಾ ತನ್ನ ಅಂಗಳದಿಂದ ಹೊರಡುವವರದ್ದನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದಳು, ಮೇಡಂ ಅವಳಿರುವಾಗ ಅಲ್ಲಿಗೆ ಹೋಗಿರಲಿಲ್ಲವಲ್ಲ, ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ನನ್ನ ಶೆಡ್ಡಿನಲ್ಲಿ ಅವಳು ಪುಕ್ಕ ಕಿತ್ತ ಹನ್ನೊಂದು ಕೋಳಿಗಳೂ ಅವಳ ಅಂಗಳದವಲ್ಲ.

ಹೋದ ವಾರ ಅವರೇ ಫೋನು ಮಾಡಿದರು.

“ಆ ದಾರ ಮೈಕ್ರೋಸ್ಕೋಪಿನಾಗ ನೋಡಿದೆರಿ. ನನ್ನ ಕೋಟಿನ ನೂಲಲ್ಲ ಅದು. ತಿಂಗಳಾ ತಿಂಗಳಾ ಯಾಕ ನನ್ನ ತಬ್ಬೇತ ಕೇಳ್ತೀರಿ? ಖರೇ ಹೇಳ್ರಿ, ಆಯಿ ನಂದೇನರ ಇಟ್ಟಿದ್ಲೇನು?”

“ಮೇಡಂ, ಆವಾಜ ಬರವಲ್ತರಿ” ಎಂದು ಫೋನು ಇಟ್ಟೆ.

ಆವಾಜು ಸ್ಪಷ್ಟವಾಗಿಯೇ ಬರುತ್ತಿತ್ತು. ನಾಳೆ ಒಂದನೇ ತಾರೀಖು.