ಮಗಳ ಕೈ, ಪಕ್ಕದ ಮನೆಯ ಸೂಜಿ

ಕಳೆದ ಭಾನುವಾರ ಪಕ್ಕದ ಮನೆಯ ಮೆಹರುನ್ನೀಸಾ ಕಮೀಜಿನ ತೋಳು ಮೇಲೇರಿಸಿಕೊಂಡು ನಮ್ಮ ಅಡುಗೆಮನೆಯಲ್ಲಿ ಕೂತಿದ್ದರು. ಮುಂದೆ ಕರ್ಚೀಫಿನ ಮೇಲೆ ಒಂದು ಇಂಜೆಕ್ಷನ್ ಸೀಸೆ, ಒಂದು ಸಿರಿಂಜು. ಮಗನ ಮನೆಗೆ ಬರುವಾಗ ಹುಬ್ಬಳ್ಳಿಯಿಂದ ಸೂಟ್‌ಕೇಸಿನಲ್ಲಿ ತಂದದ್ದು.

ಕರೆದವಳು ನಾನೇ. "ನಮ್ಮ ರೇಖಾ ಡ್ಯೂಟಿ ಮುಗಿಸಿ ಬರ್ತಾಳೆ, ಒಂದು ನಿಮಿಷದ ಕೆಲಸ" ಅಂದಿದ್ದೆ.

ರೇಖಾ ನನ್ನ ಮಗಳು. ಇಲ್ಲಿ ಇಂಗ್ಲೆಂಡಿನಲ್ಲಿ, ಹಾರ್ಬೋರ್ನ್ ಹತ್ತಿರದ ದೊಡ್ಡಾಸ್ಪತ್ರೆಯಲ್ಲಿ ನರ್ಸ್. ದಿನಕ್ಕೆ ಎಷ್ಟು ಜನಕ್ಕೆ ಚುಚ್ಚುತ್ತಾಳೋ. ಊರಲ್ಲಾದರೆ ಬೀದಿಯಲ್ಲೊಬ್ಬ ನರ್ಸಮ್ಮ ಇದ್ದರೆ ಎಲ್ಲರೂ ಸೀಸೆ ಹಿಡಿದು ಅವರ ಮನೆಗೇ ಹೋಗುವುದು. (ನೀವು ಹೋಗಿಲ್ಲವೆ?)

ಮಗಳು ಬಂದಳು. ಸೀಸೆ ತಿರುಗಿಸಿ ನೋಡಿ ಕೆಳಗಿಟ್ಟಳು.

"ಆಂಟಿ, ಇದನ್ನ ಇಲ್ಲಿಯ ಡಾಕ್ಟರ್ ಬರೆದುಕೊಟ್ಟಿಲ್ಲ. ನಾನು ಹಾಕೋ ಹಾಗಿಲ್ಲ."

"ಶಕ್ತಿ ಸೂಜಿ ಬೇಟಿ. ಕಾಲು ಜೋಮು ಹಿಡಿತಾವ. ವಿಷ ಏನಲ್ಲ."

"ಬೇರೆ ಏನು ಮಾತ್ರೆ ತಗೋತೀರಿ?"

"ಬಿಪಿದು, ಸಕ್ಕರಿದು. ಮತ್ತ ರಕ್ತ ತೆಳು ಆಗೋದು ಒಂದು."

ಮಗಳು ಸೀಸೆಯನ್ನು ಅವರ ಕಡೆಗೆ ಸರಿಸಿದಳು. "ಆ ಮಾತ್ರೆ ತಗೊಳ್ಳೋರಿಗೆ ಮಾಂಸಕ್ಕೆ ಚುಚ್ಚಿದ್ರೆ ಒಳಗೇ ರಕ್ತ ಸೋರಬಹುದು. ಹಾಕ್ಬೇಕೋ ಬೇಡವೋ ಅಂತ ನಿಮ್ಮ ಜಿಪಿ ಡಾಕ್ಟರ್ ಹೇಳ್ಬೇಕು, ನಾನಲ್ಲ."

ಮೆಹರುನ್ನೀಸಾ ತೋಳು ಇಳಿಸಿ, ಸೀಸೆ ಸಿರಿಂಜು ಕರ್ಚೀಫಿನಲ್ಲಿ ಸುತ್ತಿಕೊಂಡು ಎದ್ದರು. "ನಮ್ಮೂರಾಗ ಕಂಪೌಂಡರ್ ನಿಂತಲ್ಲೇ ಚುಚ್ಚತಿದ್ದ. ಇಕಿ ದೊಡ್ಡ ದವಾಖಾನಿ ನರ್ಸು, ಕೈ ನಡಗತಾವು."

ಅವರು ಹೋದ ಮೇಲೆ ಮಗಳಿಗೆ ಬೈದೆ. ಕರೆದು ಕೂರಿಸಿ ಹೀಗೆ ಕಳಿಸುವುದೆ?

ರೇಖಾ ದನಿ ಎತ್ತಲಿಲ್ಲ. "ವಾರ್ಡಲ್ಲಿ ಡಾಕ್ಟರ್ ಬರೆದಿರ್ತಾರೆ. ಹೆಚ್ಚುಕಮ್ಮಿ ಆದ್ರೆ ಓಡಿ ಬರೋರು ಇರ್ತಾರೆ. ಇಲ್ಲಿ ಯಾರಿದ್ದಾರಮ್ಮ, ನೀನಾ? ಅವರಿಗೆ ಏನಾದ್ರೂ ಆದ್ರೆ ನನ್ನ ನರ್ಸ್ ರಿಜಿಸ್ಟ್ರೇಷನ್ನೇ ಹೋಗಬಹುದು. ಅದು ಹೋದ್ರೆ ಕೆಲಸ, ಕೆಲಸ ಹೋದ್ರೆ ವೀಸಾ. ಮಕ್ಕಳನ್ನ ಸ್ಕೂಲು ಬಿಡಿಸಿಕೊಂಡು ಎಲ್ಲಿಗೆ ಹೋಗ್ಲಿ?"

ನಾನು ಓದಿದ್ದು ನಾಲ್ಕನೇ ಕ್ಲಾಸು. ನರ್ಸ್ ಅಂದರೆ ಚುಚ್ಚುವವಳು, ಅಷ್ಟೇ ಗೊತ್ತಿದ್ದದ್ದು. ಯಾವುದನ್ನು ಮುಟ್ಟಬಾರದು ಅನ್ನುವುದಕ್ಕೂ ಕಾನೂನಿದೆ, ಅದು ಅವಳ ಹಿಂದೆಯೇ ಬಸ್ಸು ಹತ್ತಿ ನಮ್ಮ ಅಡುಗೆಮನೆಗೂ ಬರುತ್ತದೆ ಅಂತ ನನಗೇನು ಗೊತ್ತು? ಮಗಳ ಅನ್ನಕ್ಕೆ ನಾನೇ ಕಲ್ಲು ಹಾಕುತ್ತಿದ್ದೆ, ಅದೂ ಟೀ ಬಿಸ್ಕತ್ತು ಕೊಟ್ಟು.

ಅಷ್ಟಕ್ಕೆ ಮುಗಿಯಿತೆ? ಮಾರನೆ ದಿನ ಮೆಹರುನ್ನೀಸಾ ಮಗ ಇರ್ಫಾನ್ ಹಿತ್ತಲ ಬೇಲಿಯಾಚೆಯಿಂದ ರೇಖಾಗೆ ನಗುತ್ತ ಹೇಳಿದ: "ಟೆನ್ಷನ್ ಬೇಡ ಅಕ್ಕಾ, ನಾನೇ ಹಾಕ್ತೀನಿ. ವಿಡಿಯೋ ನೋಡಿದೆ, ಈಸಿ ಇದೆ." (ಹುಡುಗ ಸೇತುವೆ ಕಟ್ಟುವ ಎಂಜಿನಿಯರ್.)

"ಬೇಡ ಇರ್ಫಾನ್. ಮೊದಲು ಜಿಪಿಗೆ ಫೋನ್ ಮಾಡು, ರಕ್ತದ ಮಾತ್ರೆ ವಿಷಯ ಹೇಳು" ಅಂದಳು ರೇಖಾ.

"ಮಾಡ್ತೀನಿ, ಮಾಡ್ತೀನಿ" ಅಂದ. ಮಾಡಿದನೋ ಇಲ್ಲವೋ, ಕೇಳಲು ನನಗೆ ಬಾಯಿಲ್ಲ.

ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಆಚೆ ಏನಾದರೂ ಬಿದ್ದ ಸದ್ದಾದರೆ ಹೆಂಚಿನ ಮೇಲಿನ ಚಪಾತಿ ಸೀದರೂ ನನಗೆ ತಿಳಿಯುವುದಿಲ್ಲ. ಕಿವಿ ಗೋಡೆಗೇ ಅಂಟಿರುತ್ತದೆ.

ಮಗಳ ಕೈ ತಡೆಯಲು ಕಾನೂನಿದೆ, ಸರಿ. ಸೀಸೆ ಇನ್ನೂ ಅವರ ಫ್ರಿಜ್ಜಿನಲ್ಲೇ ಇದೆಯಲ್ಲ, ಇರ್ಫಾನನ ಕೈ ತಡೆಯುವವರು ಯಾರು?