ಜುಲೇಖಾಬಿಯ ಹಸಿರು ಬಾಗಿಲು

ನವಲಗುಂದದ ನಮ್ಮ ಆಶ್ರಯ ಕಾಲೋನಿಗೆ ಯಾರೂ ನೇಮಿಸದ ಮೇಲ್ವಿಚಾರಕಿ ಎಂದರೆ ಜುಲೇಖಾಬಿ. ಹತ್ತಿ ಬಿಡಿಸಲು ಹೋದ ತಾಯಂದಿರ ಕೂಸುಗಳೆಲ್ಲ ಮಲಗುವುದು ಅವಳ ಕಟ್ಟೆಯ ಮೇಲೆಯೇ. ಬಿ.ಪಿ. ನೋಡುವ ನರ್ಸಬಾಯಿ ಸಮುದಾಯ ಭವನಕ್ಕೆ ಬಂದ ದಿನ ಮುದುಕರನ್ನು ಎಬ್ಬಿಸಿಕೊಂಡು ಹೋಗುವವಳೂ ಅವಳೇ. “ಏಳ್ರಿ, ಮಾರಿ ತೊಳಕೊಳ್ರಿ, ನರ್ಸಬಾಯಿ ನಿಮ್ಮ ಹಾಸಿಗೀಗೆ ಬರ್ತಾಳೇನು?” ಎಂದು ಅವಳು ಒದರಿದರೆ ಬಿ.ಪಿ. ಇಲ್ಲದವರಿಗೂ ಏರುತ್ತದೆ. ಇಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು, ಬಾಗಿಲುಗಳೂ ಒಂದೇ ಹಸಿರು. ಹಾಗಾಗಿ ವಯಸ್ಸಾದವರು ತಪ್ಪಿ ಯಾರದೋ ಮನೆ ಹೊಕ್ಕುಬಿಡುತ್ತಿದ್ದರು. ಹೊಕ್ಕವರಿಗೆ ಚಹಾ ಕುಡಿಸಿಯೇ ಅವರ ಮನೆ ಮುಟ್ಟಿಸಬೇಕು ಎಂಬುದು ಅವಳ ಕಾಯಿದೆ. ಕಡೆಗೆ ಅವಳೇ ಎಲ್ಲರ ಬೆನ್ನು ಹತ್ತಿ ಬಾಗಿಲುಗಳಿಗೆ ಬೇರೆ ಬೇರೆ ಬಣ್ಣ ಹೊಡೆಸಿದಳು. ಮರೆವು ಹೆಚ್ಚಾದ ಅಂದಾನೆಪ್ಪಜ್ಜನಿಗೆ ಗುರುತು ಸಿಗಲೆಂದು ಅವನ ಬಾಗಿಲನ್ನು ಹಸಿರಾಗಿಯೇ ಉಳಿಸಿದಳು. ಆದರೂ ಅಜ್ಜ ದಿನಾ ಸಂಜೆ ಜುಲೇಖಾಬಿಯ ಮನೆಗೇ ಬಂದು, ಚಪ್ಪಲಿ ಬಿಟ್ಟು, “ಚಾ ಆತೇನವಾ?” ಎನ್ನುತ್ತಾನೆ. “ಆತ್ರಿ ಕಾಕಾ, ಕುಂದರ್ರಿ” ಎಂದು ಅವಳು ಎರಡು ಕಪ್ಪಿಗೆ ಸೋಸುತ್ತಾಳೆ, ಯಮನೂರಿನ ಉರುಸಿನಿಂದ ಹಿಡಿದು ಮೊಣಕಾಲ ನೋವಿನವರೆಗೆ ಮಾತಾಡುತ್ತಾಳೆ. ಮೊನ್ನೆ ಮಾವನನ್ನು ಕರೆದೊಯ್ಯಲು ಬಂದ ಸೊಸೆ ಮಹಾಲಕ್ಷ್ಮಿ ಕೇಳಿಯೇಬಿಟ್ಟಳು: “ಚಾಚಿ, ನಮ್ಮದೊಂದು ಬಿಟ್ಟು ಎಲ್ಲಾರ ಬಾಗಲಕ್ಕೂ ಬಣ್ಣಾ ಹೊಡಿಸಿ, ನಿಮ್ಮದೂ ಯಾಕ ಹಸರ ಬಿಟ್ಟೀರಿ?” “ಬಣ್ಣಾ ಸಾಲಲಿಲ್ಲ ಬಿಡವಾ” ಎಂದಳು ಜುಲೇಖಾಬಿ, ತಾನೊಬ್ಬಳೇ ಇರುವ ಆ ಮನೆಯಲ್ಲಿ ಎರಡನೆಯ ಕಪ್ಪನ್ನು ನಾಳೆಗೆಂದು ತೊಳೆದಿಡುತ್ತ.