ತನಿಯಪ್ಪ ಕರುವಾದದ್ದು

ಇಂಗ್ಲಿಷರ ನಾಡಿನ ಸ್ಟಾಕ್‌ಪೋರ್ಟ್ ಊರಿನಲ್ಲಿ ಕಾರು ಕಲಿಸುವ ತನಿಯಪ್ಪನ ಗಂಟಲು ಎಂಥದ್ದೆಂದರೆ, ಅವನು ಗಾಜು ಏರಿಸಿಕೊಂಡು "ಬ್ರೇಕ್!" ಎಂದರೆ ಪಿಕಡಿಲಿ ಸ್ಟೇಷನ್ನಿಗೆ ಹೊರಟ ರೈಲೂ ಒಮ್ಮೆ ಗಕ್ಕನೆ ನಿಂತು ಹಿಂದಿರುಗಿ ನೋಡುತ್ತಿತ್ತು. ಉಡುಪಿ ಕಡೆಯವನು. ಆಸುಪಾಸಿನ ಕನ್ನಡದ ಡಾಕ್ಟರುಗಳಲ್ಲಿ ಅರ್ಧಕ್ಕರ್ಧ ಜನ ಅವನ ಕೈಯಲ್ಲೇ ಸ್ಟೇರಿಂಗ್ ಹಿಡಿದವರು. ಅವನ ಪಾಠದ ಕ್ರಮ ಒಂದೇ: ತಾನು ಹೇಳುವುದು, ಶಿಷ್ಯರು ಕೇಳುವುದು. ಹದಿನೇಳರ ಹುಡುಗಿಗೂ ಹೃದಯ ಕೊಯ್ಯುವ ಸರ್ಜನ್ನಿಗೂ ಅದೇ ಕಷಾಯ, ಅದೇ ಲೋಟ.

ಆ ಕಷಾಯ ನಾಟದವಳು ಅವನ ಮನೆಯೊಳಗೇ ಇದ್ದಳು. ಹೆಂಡತಿ ಸುಚೇತಾಳ ತಂಗಿ, ನರ್ಸ್ ಚಿತ್ರಾಕ್ಷಿ. ಅದು 2014ರ ಚಳಿಗಾಲ. ಮನೆಮನೆಗೆ ಹೋಗಿ ಮುದುಕರ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ ಅವಳಿಗೆ ಸಿಕ್ಕಿತ್ತು, ಆದರೆ ಮಾರ್ಚ್ ಬರುವುದರೊಳಗೆ ಲೈಸೆನ್ಸ್ ತೋರಿಸಬೇಕು. ಎರಡು ಸಲ ಟೆಸ್ಟಿನಲ್ಲಿ ಬಿದ್ದಾಗಿತ್ತು. ಮೂರನೆಯದು ಫೆಬ್ರವರಿ ಕೊನೆಗೆ. ಅದೂ ಹೋದರೆ ಕೆಲಸ ಬೇರೆಯವರ ಪಾಲು.

ತನಿಯಪ್ಪನಿಗೆ ಅನ್ನ ಇಳಿಯದಾಯಿತು. ಇಳಿಯದ ಅನ್ನವನ್ನು ಮೂರು ಸಲ ಬಡಿಸಿಕೊಳ್ಳುತ್ತಿದ್ದ, ಆ ಮಾತು ಬೇರೆ. ಸೋಫಾದಲ್ಲಿ ಕೂತಾಗಲೂ ಅವನ ಬಲಗಾಲು, ಅಲ್ಲಿಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾರ್ಪೆಟ್ಟಿನಲ್ಲಿ ಗುಂಡಿ ತೋಡಿತ್ತು. ಇನ್ನೊಂದು ವಾರ ಬಿಟ್ಟರೆ ನೀರು ಚಿಮ್ಮುವುದಿತ್ತು. ನಾದಿನಿ ದಡ್ಡಿಯಲ್ಲ, ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾಳೆ. ಮತ್ತೆ ಎಡವುವುದೆಲ್ಲಿ?

"ರೌಂಡಬೌಟಿನಲ್ಲಿ ಬಲದಿಂದ ಬರುವವರಿಗೆ ಮೊದಲು ದಾರಿ. ಗೊತ್ತಾಯ್ತಾ?"

"ಹೂಂ ಭಾವ."

ಆ ಹೂಂ ಮುಗಿಯುವುದರೊಳಗೆ ಕಾರು ಲಾರಿಯೊಂದರ ಮೂಗಿನಡಿ ಇರುತ್ತಿತ್ತು. ತನಿಯಪ್ಪ ತನ್ನ ಬದಿಯ ಬ್ರೇಕ್ ತುಳಿದು, ಕುಲದೈವಗಳನ್ನೆಲ್ಲ ಒಂದೇ ಉಸಿರಿನಲ್ಲಿ ಕರೆದು ಕೇಳುತ್ತಿದ್ದ: "ಎಂತ ಮಾರಾಯ್ತಿ! ಈಗಷ್ಟೇ ಹೂಂ ಅಂದದ್ದಲ್ವಾ?"

"ಹೂಂ ಭಾವ," ಅನ್ನುತ್ತಿದ್ದಳು, ಕಣ್ಣು ತುಂಬಿಕೊಂಡು.

ಅಕ್ಕನ ಗಂಡನೆದುರು ಗೊತ್ತಾಗಲಿಲ್ಲ ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಅವರ ಮನೆತನದಲ್ಲೇ ಇರಲಿಲ್ಲ. ತಾನೂ ಆ ಸೀಮೆಯವನೇ ಆದ ತನಿಯಪ್ಪನಿಗೆ ಇದು ಹೊಳೆಯಬೇಕಿತ್ತು. ಆದರೆ ಹೊಳೆಯುವುದಕ್ಕೆ ಅವನ ಬಾಯಿ ಸ್ವಲ್ಪ ಹೊತ್ತು ಸುಮ್ಮನಿರಬೇಕಲ್ಲ!

ಟೆಸ್ಟಿಗೆ ಒಂದು ವಾರ ಇರುವಾಗ ಅವನಿಗೆ ಶೀತ ಹತ್ತಿ ಗಂಟಲು ಪೂರ್ತಿ ಬಿದ್ದುಹೋಯಿತು. ಕೈಸನ್ನೆ ಮಾಡುತ್ತಲೇ ನಾದಿನಿಯನ್ನು ಕಾರು ಹತ್ತಿಸಿದ. ಚಿತ್ರಾಕ್ಷಿ ಸ್ಟೇರಿಂಗ್ ಹಿಡಿದು ಅವನ ಬಾಯಿಯನ್ನೇ ನೋಡಿದಳು.

"ನೀವು ಬೊಬ್ಬೆ ಹಾಕದಿದ್ರೆ ನನಗೆ ಹೆದರಿಕೆ ಆಗ್ತದೆ ಭಾವ. ನಾನೇ ಹೇಳ್ತಾ ಹೋಗ್ಲಾ? ನೋಡಿ, ಇದು ಕನ್ನಡಿ. ಹಿಂದೆ ಒಂದು ವ್ಯಾನ್ ಉಂಟು. ಅದಕ್ಕೆ ಅರ್ಜೆಂಟುಂಟು, ನಮಗಿಲ್ಲ. ಈಗ ಗೇರ್ ಇಳಿಸ್ತೇನೆ, ಯಾಕೆ ಗೊತ್ತುಂಟಾ?"

ತನಿಯಪ್ಪ ಗೊತ್ತಿಲ್ಲವೆಂದು ತಲೆಯಾಡಿಸಿದ. ಅವಳು ಬಿಡಿಸಿ ಹೇಳಿದಳು. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೋಗುತ್ತಿತ್ತು.

"ಮುಂದೆ ರೌಂಡಬೌಟ್. ಬಲದಲ್ಲಿ ಬಸ್ಸು. ಆದ್ರೆ ಅದರ ಮೂಗು ಇನ್ನೂ ಹೊರಗುಂಟು. ನಮ್ಮ ಮೂಗು ಮೊದಲು ಹೊಕ್ಕರೆ ದಾರಿ ನಮ್ಮದೇ ಅಲ್ವಾ, ನಮ್ಮ ಊರಿನ ಬಸ್‌ಸ್ಟ್ಯಾಂಡಿನ ಹಾಗೆ?"

ತನಿಯಪ್ಪ ಬ್ರೇಕನ್ನು ಪಾತಾಳಕ್ಕೆ ತುಳಿದ. ಇಷ್ಟು ತಿಂಗಳು ಆ ಹೂಂ ಎಂಬ ಮುಚ್ಚಳದಡಿ ಊರಿನ ಬಸ್‌ಸ್ಟ್ಯಾಂಡೇ ಅಡಗಿ ಕೂತಿತ್ತು! ಬಲಕ್ಕೆ ಬೆರಳು ತೋರಿಸಿ, ಬರುತ್ತಿದ್ದ ಬಸ್ಸಿಗೆ ಎರಡೂ ಕೈ ಮುಗಿದು ತೋರಿಸಿದ.

"ಓ! ಮೂಗು ಹೊರಗಿದ್ರೂ ಅದಕ್ಕೇ ಮರ್ಯಾದೆಯಾ?" ಎಂದಳು. ಮುಂದಿನ ರೌಂಡಬೌಟಿನಲ್ಲಿ ಆ ಮಾತನ್ನು ಅವನಿಗೇ ಪಾಠ ಮಾಡುತ್ತ, ಸರಿಯಾಗಿ ನಿಂತು ಹೋದಳು.

ಮನೆಗೆ ಬಂದು ಪಿಸುದನಿಯಲ್ಲಿ ವರದಿ ಒಪ್ಪಿಸಿದಾಗ ಸುಚೇತಾ ನಕ್ಕಳು. "ಅದು ಅವಳ ಹಳೇ ಚಾಳಿ. ಕೇಳಿದ್ದು ಅವಳ ತಲೆಗೆ ಹೋಗುವುದಿಲ್ಲ, ಇನ್ನೊಬ್ಬರಿಗೆ ಹೇಳಿಕೊಟ್ಟರೆ ಮಾತ್ರ ಹೋಗ್ತದೆ. ದನದ ಹಟ್ಟಿಯಲ್ಲಿ ಕರುವಿಗೆ ಪಾಠ ಹೇಳಿಯೇ ಎಸ್ಸೆಸ್ಸೆಲ್ಸಿ ಪಾಸಾದದ್ದು."

"ಇದನ್ನು ಮೊದಲೇ ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು?"

"ನಿಮ್ಮ ಬಾಯಿ ಮುಚ್ಚಿದ್ದು ಯಾವಾಗ, ಹೇಳ್ಲಿಕ್ಕೆ?"

ಆ ಕರುವನ್ನೇ ಪರೀಕ್ಷೆಗೆ ಕೂರಿಸಿದ್ದರೆ ಇಷ್ಟರಲ್ಲಿ ತಹಶೀಲ್ದಾರಿಕೆ ಮಾಡಿ ರಿಟೈರ್ ಆಗಿರುತ್ತಿತ್ತು. ಅದರ ಜಾಗಕ್ಕೆ ಈಗ ತನಿಯಪ್ಪ ಬಂದ. ಎರಡು ದಿನಕ್ಕೆ ಗಂಟಲು ಸರಿಹೋಯಿತು, ಆದರೂ ಬಾಯಿ ಬಿಡಲಿಲ್ಲ. ನುಂಗಿದ ಮಾತುಗಳಿಂದಲೇ ಹೊಟ್ಟೆ ಉಬ್ಬರಿಸಿ ಅಂಗಿಯ ಗುಂಡಿಯೊಂದು ಹಾರಿತು.

ಟೆಸ್ಟಿನ ದಿನ ಅನುಮತಿ ಕೇಳಿ ಹಿಂದಿನ ಸೀಟಿನಲ್ಲಿ ಕೂತ. ತುಳಿಯಲು ಬ್ರೇಕಿಲ್ಲ, ಹೇಳಲು ಹಕ್ಕಿಲ್ಲ. ಬಾಯಿಗೆ ಕರ್ಚೀಫು ತುರುಕಿಕೊಂಡ. ಮುಂದೆ ಕೂತ ಪರೀಕ್ಷಕ ಕೋಲಿನಂಥ ಮನುಷ್ಯ, ಮುಖದಲ್ಲಿ ನಗುವಿನ ಸುಳಿವಿಲ್ಲ. ಅವನೆದುರು ಚಿತ್ರಾಕ್ಷಿ ಬಾಯಿ ಬಿಗಿದಳು. ಮೊದಲ ತಿರುವಿನಲ್ಲೇ ಇಂಜಿನ್ ಆಫ್. ಹಿಂದೆ ತನಿಯಪ್ಪನ ಜೀವವೂ ಅದರ ಜೊತೆಗೆ ಆಫ್.

ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಅವಳು ಪರೀಕ್ಷಕನತ್ತ ತಿರುಗಿ, ನಾನು ಮಾತಾಡಿಕೊಂಡು ಓಡಿಸಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆತ ಭುಜ ಕುಣಿಸಿದ. ಶುರುವಾಯಿತು ನೋಡಿ! ಕನ್ನಡಿ, ವ್ಯಾನು, ಬಲದವರ ಮರ್ಯಾದೆ, ಎಲ್ಲ ಸಣ್ಣ ದನಿಯಲ್ಲಿ, ಊರಿನ ಮಾತಿನಲ್ಲಿ. ದೊಡ್ಡ ರೌಂಡಬೌಟಿನಲ್ಲಿ ಲಾರಿ ಬಂತು, ಅವಳು ನಿಂತಳು, ಲಾರಿ ಹೋಯಿತು, ಅವಳೂ ಹೋದಳು. ತನಿಯಪ್ಪ ಕರ್ಚೀಫನ್ನು ಅರ್ಧ ತಿಂದಿದ್ದ.

ಕಾರು ನಿಲ್ಲಿಸಿದ ಮೇಲೆ ಪರೀಕ್ಷಕ, ಪಾಸು ಎಂದ. ಆಮೇಲೆ ತಡೆಯಲಾಗದೆ, ಇಷ್ಟು ಹೊತ್ತು ಯಾರ ಹತ್ತಿರ ಮಾತಾಡುತ್ತಿದ್ದಿರಿ ಎಂದ.

"ನಮ್ಮ ಮನೆಯ ಕರುವಿನ ಹತ್ತಿರ," ಎಂದಳು ಚಿತ್ರಾಕ್ಷಿ.

ಆತ ಹಿಂದಿರುಗಿ ನೋಡಿದ. ಬಾಯಲ್ಲಿ ಬಟ್ಟೆ ಜೋತಾಡುತ್ತಿದ್ದ ತನಿಯಪ್ಪ ಗಂಭೀರವಾಗಿ ತಲೆಯಾಡಿಸಿದ.

ಮರುದಿನ ಹೊಸ ಶಿಷ್ಯ, ಡಾಕ್ಟರರೊಬ್ಬರ ಮಗ ಅಭಿಜಿತ್ ಬಂದು ಸ್ಟೇರಿಂಗ್ ಮುಂದೆ ಕೂತ. ತನಿಯಪ್ಪ ಕ್ಲಚ್ಚಿನ ಪುರಾಣ ಹೇಳಿ ಮುಗಿಸಿ, ಗೊತ್ತಾಯ್ತಾ ಎಂದ.

"ಹೂಂ ಅಂಕಲ್."

ತನಿಯಪ್ಪನ ಬಲಗಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗಿ ಕೂತಿತು. "ಕೀಲಿ ಮುಟ್ಟಬೇಡ ಮಾರಾಯ," ಎಂದ. "ಮೊದಲು ನನಗೆ ಹೇಳಿಕೊಡು, ನೋಡುವ."